ಅರ್ಧ ಅಂಕ

ಜೂನ್ ಮುಗಿಯುವ ಹೊತ್ತಿಗೆ ಗೊತ್ತಾಗಿತ್ತು:
ಅರುವತ್ತೆರಡು ಮಂದಿಯ ಈ ಕೋಣೆಯಲ್ಲಿ
ಪಾಠ ಓದಿ ಬಂದವರು ಇಬ್ಬರು.
ಒಬ್ಬಳು ರೆನಿಟಾ. ಇನ್ನೊಬ್ಬಳು ನಾನು,
ಅದೂ ಹನ್ನೊಂದು ವರ್ಷದ ಹಿಂದೆ.

ಬೈದೆ. ಬೈಗುಳ ಫ್ಯಾನಿನ ರೆಕ್ಕೆಗೆ ಸಿಕ್ಕಿ
ಕೋಣೆ ತುಂಬ ಹಂಚಿಹೋಯಿತು,
ಯಾರ ಪಾಲಿಗೂ ಚಿಟಿಕೆಗಿಂತ ಹೆಚ್ಚು ಬರಲಿಲ್ಲ.

ಮನಃಶಾಸ್ತ್ರದ ವಾರಿಜಾಕ್ಷಿ ಮೇಡಂ
ಡಬ್ಬಿಯ ಮುಚ್ಚಳದಲ್ಲಿ ಉಪ್ಪಿನಕಾಯಿ ಹಂಚುತ್ತ ಅಂದರು:
“ಮನಸ್ಸನ್ನು ಬಿಡಿ ಮಾರಾಯ್ರೆ, ಅದು ಕಾಣುವುದಿಲ್ಲ.
ಕೈ ಎಂತ ಮಾಡ್ತದೆ ನೋಡಿ.
ಮಾಡಿದ ಕೂಡಲೇ ಏನಾದರೂ ಕೊಡಿ, ಸಣ್ಣದು ಸಾಕು.
ತಡವಾಗಿ ಕೊಟ್ಟದ್ದು ಕೊಟ್ಟ ಲೆಕ್ಕವಲ್ಲ.”

ಪಾರಿವಾಳಗಳನ್ನೂ ಹೀಗೆಯೇ ಕುಣಿಸಿದ್ದರಂತೆ.
ನನಗೆ ಅದು ಅಷ್ಟು ಸರಿ ಕಾಣಲಿಲ್ಲ.
ಆದರೆ ಸಂಜೆ ಕಲ್ಸಂಕದಲ್ಲಿ
ಒಂದು ಸೀಟಿಗೆ ಬಸ್ಸು ನಿಂತಿತು, ಎರಡಕ್ಕೆ ಹೊರಟಿತು,
ಕಂಡಕ್ಟರ್ ಕೇಳುವ ಮೊದಲೇ
ನನ್ನ ಕೈ ಪರ್ಸಿನೊಳಗಿತ್ತು.

ಹಾಗೆ ಬಂತು ಬಾಗಿಲ ಬಳಿಗೆ
ಬಿಸ್ಕತ್ತಿನ ತಗಡಿನ ಡಬ್ಬಿ, ಮುಚ್ಚಳಕ್ಕೊಂದು ಸೀಳು.
ಮೊದಲ ವಾರ ಒಂದೇ ಒಂದು ಪುಟ.
ಓದಿ ಅರ್ಥವಾಗದ್ದನ್ನು ಚೀಟಿಯಲ್ಲಿ ಬರೆದು ಹಾಕಿ.
ಚೀಟಿಗೆ ಅರ್ಧ ಅಂಕ, ನಿಂತಲ್ಲೇ, ಹಸಿರು ಪೆನ್ನಿನಲ್ಲಿ.

ಹತ್ತೊಂಬತ್ತು ಬಂದವು. ನಾಲ್ಕು ಒಂದೇ ಕೈಬರಹ.
ತೌಸೀಫ್ ಬರೆದಿದ್ದ: “ಪುಟ ನಲವತ್ತೊಂದು ಅರ್ಥವಾಗಲಿಲ್ಲ.”
ಆ ಪುಟದಲ್ಲಿ ಇದ್ದದ್ದು ಅಧ್ಯಾಯದ ಹೆಸರು ಮಾತ್ರ.
ಅದಕ್ಕೂ ಕೊಟ್ಟೆ.
ಪುಟ ಹುಡುಕಿದ್ದನಲ್ಲ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು.
ಮಲ್ಪೆಯ ಸುಕೇತ್ ಪುತ್ರನ್
ನಾಲ್ಕಕ್ಕೆದ್ದು ಬಂದರಿನಲ್ಲಿ ಮಾವನ ಏಲಂ ಲೆಕ್ಕ ಬರೆದು
ಮಿಂದು, ಬಸ್ಸು ಹತ್ತಿ,
ಹಿಂದಿನ ಬೆಂಚಿನಲ್ಲಿ ಕಣ್ಣು ತೆರೆದೇ ನಿದ್ರಿಸುವ ವಿದ್ಯೆ ಬಲ್ಲವ.
ಅವನಿಂದಲೂ ಬಂತು ಒಂದು,
ಐಸ್ ಪ್ಲಾಂಟಿನ ರಸೀದಿಯ ಬೆನ್ನಿಗೆ, ಒದ್ದೆ ಒದ್ದೆ:

“ಮೇಡಂ, ಪುಸ್ತಕದ ರೇಖೆಯಲ್ಲಿ ಗಡಿಯಾರ ಇಲ್ಲ.
ಐಸು ಕರಗುವಾಗ ಬಂಗುಡೆಯ ಬೆಲೆ ಇಳಿಯುತ್ತದಲ್ಲ,
ಅದು ಯಾವ ರೇಖೆಯ ಮೇಲೆ?”

ಹಸಿರು ಪೆನ್ನು ಕೈಯಲ್ಲೇ ಉಳಿಯಿತು.
ಅರ್ಧ ಅಂಕ ಬರೆಯಲು ನಾಚಿಕೆ.
ಹಳದಿಗಟ್ಟಿದ ನನ್ನ ನೋಟ್ಸಿನಲ್ಲೂ ಗಡಿಯಾರ ಇರಲಿಲ್ಲ.
“ನಾಳೆ ಹೇಳ್ತೇನೆ” ಅಂದೆ.
ನನ್ನ ಬಾಯಿಗೇ ಹೊಸತಾದ ಮಾತು.

ಮರುದಿನ ನಾನು ಹೇಳಿದ್ದಕ್ಕೆ ಅವ ತಲೆಯಾಡಿಸಲಿಲ್ಲ.
ಎದ್ದು ಬಂದು ಚಾಕ್ ತೆಗೆದುಕೊಂಡು
ರೇಖೆಯಲ್ಲ, ಮೆಟ್ಟಿಲು ಬರೆದ:
ನಾಲ್ಕೂವರೆ, ಐದೂಕಾಲು, ಆರು.
ಕೊನೆಯ ಮೆಟ್ಟಿಲ ಕೆಳಗೆ ಮೀನು ಗೊಬ್ಬರದ ಲಾರಿ.
ರೆನಿಟಾ ಕೇಳಿದಳು, ತೌಸೀಫ್ ವಾದಿಸಿದ,
ಗಂಟೆ ಬಾರಿಸಿದ್ದು ಯಾರಿಗೂ ಕೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಅಂಕ ನಿಲ್ಲಿಸಿದೆ,
ಇನ್ನು ಅವರೇ ಓದಿಯಾರು ಎಂದು.
ಡಬ್ಬಿಯಲ್ಲಿ ಐದು ಚೀಟಿ, ಒಂದು ಚಾಕಲೇಟು ಕಾಗದ.
“ಮೆಲ್ಲ ಮೆಲ್ಲ ಬಿಡಿಸಬೇಕಿತ್ತು” ಅಂದರು ವಾರಿಜಾಕ್ಷಿ,
ಮಗುವಿಗೆ ಮೊಲೆ ಬಿಡಿಸುವ ಹಾಗೆ.

ಈಗ ಕೆಲವು ದಿನ ಕೊಡುತ್ತೇನೆ,
ಯಾವ ದಿನ ಎಂದು ಹೇಳುವುದಿಲ್ಲ.
ಮೂವತ್ತು, ಮೂವತ್ತೈದು ಬರುತ್ತವೆ.
ಎಲ್ಲರೂ ಓದುತ್ತಾರೆಂದರೆ ಸುಳ್ಳಾದೀತು:
ತೌಸೀಫನ ಚೀಟಿ ಇಂದಿಗೂ ಬಸ್ಸಿನಲ್ಲೇ ಹುಟ್ಟುವುದು,
ಅಕ್ಷರ ನೋಡಿ ರಸ್ತೆಯ ಗುಂಡಿ ಎಣಿಸಬಹುದು.
ಸುಕೇತ್ ಮಾತ್ರ ಅಂಕ ಕೇಳುವುದನ್ನೇ ಮರೆತಿದ್ದಾನೆ,
ಅಥವಾ ಮರೆತ ಹಾಗೆ ಮಾಡುತ್ತಾನೆ.

ನಿನ್ನೆ ಕಟಪಾಡಿಯಲ್ಲಿ ಬಸ್ಸು ಹತ್ತಿ
ತೊಡೆಯ ಮೇಲೆ ಪುಸ್ತಕ ಬಿಡಿಸಿದ್ದೆ,
ತುಟಿ ಅಲುಗುತ್ತಿತ್ತೇನೋ.
ಕಂಡಕ್ಟರ್ ಟಿಕೇಟು ಹರಿದು ನಕ್ಕ:
“ಎಂತ ಟೀಚರ್, ನಿಮಗೂ ಪರೀಕ್ಷೆಯಾ?”
“ಹೌದು, ಒಂಬತ್ತು ಇಪ್ಪತ್ತಕ್ಕೆ.”

ಅವ ಎರಡು ಸೀಟಿ ಊದಿದ.
ನಾನು ಪುಟ ಮಗುಚಿದೆ.